ಒಂದೇ ಗ್ರೈಂಡರ್, ಎರಡು ಲೆಕ್ಕ

2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿದ್ದವರಿಗೆ ನೀರಿನ ಕಥೆ ಬೇರೆ ಹೇಳಬೇಕಿಲ್ಲ. ಲಗ್ಗೆರೆಯ ನಮ್ಮ ಬೀದಿಯಲ್ಲಿ ಬೋರ್‌ವೆಲ್ ಬತ್ತಿ ಮೂರು ವಾರ ಆಗಿತ್ತು. ಟ್ಯಾಂಕರ್ ಹಾರ್ನ್ ಕೇಳಿಸಿದರೆ ಒಲೆ ಮೇಲೆ ಏನಿದ್ದರೂ ಬಿಟ್ಟು ಓಡಬೇಕು. ಅಂಥ ಹೊತ್ತಲ್ಲೇ ಟ್ಯಾಬ್ಲೆಟ್ ಹಿಡಿದ ಹುಡುಗಿಯೊಬ್ಬಳು ಬಾಗಿಲಿಗೆ ಬಂದು, "ಅಕ್ಕ, ಕೇಂದ್ರ ಸರ್ಕಾರದ ಸರ್ವೆ. ಒಂದು ಗಂಟೆ ಟೈಮ್ ಕೊಡ್ತೀರಾ?" ಅಂದಳು.

ಒಂದು ಗಂಟೆ ಎಲ್ಲಿಂದ ತರಲಿ? "ನೀರು ಹಿಡ್ಕೊಂಡು ಬರ್ತೀನಿ, ಕೂತ್ಕೋಮ್ಮ" ಅಂದೆ. ಒಟ್ಟು ಹದಿನಾಲ್ಕು ಬಿಂದಿಗೆ. ಅವಳು ಚೀಲ ಕೆಳಗಿಟ್ಟು ತಾನೂ ಎರಡು ಬಿಂದಿಗೆ ಹೊತ್ತು ತಂದಳು. ಅಲ್ಲಿಗೆ ನಾನು ಅವಳಿಗೆ ಟೀ ಇಟ್ಟೆ.

ಸರ್ವೆ ಅಂದರೆ ನಮಗೆಲ್ಲ ಒಂದೇ ಭಯ. ರೇಷನ್ ಕಾರ್ಡ್ ಕಿತ್ತುಕೊಳ್ಳೋಕೆ ಬಂದಿದ್ದಾರೇನೋ ಅಂತ. ಅವಳು ನಕ್ಕಳು. ಆಸ್ತಿಪಾಸ್ತಿ ಕೇಳೋದಕ್ಕೆ ಬಂದಿಲ್ಲ, ನೀವು ಟೈಮ್ ಹೇಗೆ ಕಳೀತೀರಿ ಅಂತ ಕೇಳೋದಕ್ಕೆ ಬಂದಿದ್ದೀನಿ ಅಂದಳು. ಇದಕ್ಕೆ ಸಮಯ ಬಳಕೆ ಸಮೀಕ್ಷೆ ಅಂತ ಹೆಸರಂತೆ. ನೆನ್ನೆ ಬೆಳಗಿನ ಜಾವ 4 ಗಂಟೆಯಿಂದ ಇವತ್ತು ಬೆಳಗಿನ ಜಾವ 4ರವರೆಗೆ, ಅರ್ಧರ್ಧ ಗಂಟೆಗೆ ಒಂದರಂತೆ, ಏನೇನು ಮಾಡಿದ್ರಿ ಅಂತ ಬರೆದುಕೊಳ್ಳೋದು. ಮನೆಯಲ್ಲಿ ಆರು ವರ್ಷ ದಾಟಿದ ಎಲ್ಲರದೂ ಬೇಕು. ನಾನು, ನಮ್ಮನೆಯವರು, ಪಿಯು ಪರೀಕ್ಷೆ ಬರೆಯುತ್ತಿದ್ದ ಮಗಳು, ನಾಲ್ಕನೇ ಕ್ಲಾಸಿನ ಮಗ, ಹಾಸಿಗೆ ಹಿಡಿದ ಅತ್ತೆ.

ಮೊದಲು ಕೇಳಿದ್ದು, "ನೀವೇನು ಕೆಲಸ ಮಾಡ್ತೀರಾ ಅಕ್ಕ?"

"ಏನಿಲ್ಲಮ್ಮ. ಸುಮ್ನೆ ಮನೇಲಿದ್ದೀನಿ."

ಈ ಮಾತು ನನ್ನ ಬಾಯಿಗೆ ಯಾವಾಗ ರೂಢಿ ಆಯಿತೋ ಗೊತ್ತಿಲ್ಲ. ನಾಲ್ಕು ವರ್ಷದ ಹಿಂದೆ ಯಾರಾದರೂ ಕೇಳಿದ್ದರೆ "ಗಾರ್ಮೆಂಟ್ಸ್‌ನಲ್ಲಿ ಟೈಲರ್" ಅಂತ ಹೇಳುತ್ತಿದ್ದೆ. 2011ರ ಮೇ ತಿಂಗಳಲ್ಲಿ ಹೆಲ್ಪರ್ ಆಗಿ ಸೇರಿದ್ದೆ. ದಾರ ಕತ್ತರಿಸೋದು, ಪೀಸ್ ಎತ್ತಿಕೊಡೋದು. ವರ್ಷದೊಳಗೆ ಮೆಷಿನ್ ಮೇಲೆ ಕೂತೆ. ಕಾಲರ್ ಹೊಲಿಯುತ್ತಿದ್ದೆ. ಕೊನೆಗೆ ಕೈಗೆ ಬರುತ್ತಿದ್ದದ್ದು ಒಂಬತ್ತು ಸಾವಿರದ ಹತ್ತಿರ. ದೊಡ್ಡ ಸಂಬಳ ಅಲ್ಲ. ಸೂಪರ್‌ವೈಸರ್ ಬೈಗುಳ, ಟಾರ್ಗೆಟ್ಟು, ನೀರು ಕುಡಿದರೆ ಬಾತ್‌ರೂಮಿಗೆ ಹೋಗಬೇಕಲ್ಲ ಅಂತ ನೀರೇ ಕುಡಿಯದೆ ಇರೋದು, ಎಲ್ಲ ಇತ್ತು. ಆದರೆ ತಿಂಗಳಿಗೊಂದು ಪೇ ಸ್ಲಿಪ್ ಬರುತ್ತಿತ್ತು. ಅದರ ಮೇಲೆ ನನ್ನ ಹೆಸರಿತ್ತು.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಅಂದರು. ಪೀಣ್ಯದ ಲೇತ್ ವರ್ಕ್‌ಶಾಪಿನಲ್ಲಿದ್ದ ನಮ್ಮನೆಯವರ ಕೆಲಸ ಮೊದಲು ಹೋಯಿತು. ನಮ್ಮ ಫ್ಯಾಕ್ಟರಿ ಮೇನಲ್ಲಿ ಮತ್ತೆ ತೆರೆಯಿತು, ಬನ್ನಿ ಅಂತ ಫೋನ್ ಮಾಡಿದರು. ಹೋಗೋದು ಹೇಗೆ? ಶಾಲೆ ಇಲ್ಲ, ಅಂಗನವಾಡಿ ಇಲ್ಲ. ಮಗನಿಗೆ ಆಗಿನ್ನೂ ಐದು ವರ್ಷ. ಮೂವತ್ತಕ್ಕಿಂತ ಜಾಸ್ತಿ ಹೆಂಗಸರು ಕೆಲಸ ಮಾಡುವ ಫ್ಯಾಕ್ಟರಿಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರ ಇರಬೇಕು ಅಂತ ಆಗಿದ್ದ 1948ರ ಕಾರ್ಖಾನೆ ಕಾಯ್ದೆಯೇ ಹೇಳುತ್ತಿತ್ತು. ನಮ್ಮಲ್ಲೂ ಇತ್ತು, ಗೋಡೆ ಮೇಲೆ ಮಿಕ್ಕಿ ಮೌಸ್ ಬರೆದ ಒಂದು ಕೋಣೆ. ಆದರೆ ಮೆಷಿನ್ ಶುರುವಾದಾಗ ಅದೊಂದು ಮಾತ್ರ ಶುರುವಾಗಲಿಲ್ಲ. ಕೊರೊನಾ ಅಲ್ವಾ, ಮಕ್ಕಳನ್ನು ಕರೆತರಬೇಡಿ ಅಂದರು. ಮಕ್ಕಳಿಗೆ ಬರುವ ಕೊರೊನಾ ತಾಯಂದಿರಿಗೆ ಬರುವುದಿಲ್ಲವೇನೋ!

ಮನೆಯಲ್ಲಿ ಅವರಿದ್ದರಲ್ಲ, ಮಗನನ್ನು ನೋಡಿಕೊಳ್ಳಬಹುದಿತ್ತು ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಎರಡು ವಾರ ನೋಡಿಕೊಂಡರು. ಆಮೇಲೆ "ನಾನು ಕೆಲಸ ಹುಡುಕೋದು ಬೇಡ್ವಾ?" ಅಂದರು. ಅದೂ ನಿಜವೇ. ಗಂಡಸಿನ ಕೆಲಸ ಹೋದರೆ ಅದು ಹುಡುಕಬೇಕಾದ ಕೆಲಸ. ಹೆಂಗಸಿನದು ಹೋದರೆ, ಸದ್ಯ ಮಕ್ಕಳನ್ನು ನೋಡಿಕೊಳ್ಳೋದಕ್ಕೆ ಒಬ್ಬರಾದರು ಅಂತ. ಜುಲೈನಲ್ಲಿ ರಾಜೀನಾಮೆ ಬರೆದುಕೊಟ್ಟೆ.

ಪಿಎಫ್ ವಿಚಾರ ಚುಟುಕಾಗಿ ಹೇಳಿಬಿಡುತ್ತೇನೆ, ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಕೋವಿಡ್‌ಗೆ ಅಂತ ಮೂರು ತಿಂಗಳ ಸಂಬಳದಷ್ಟು ಅಥವಾ ಖಾತೆಯ ಮುಕ್ಕಾಲು ಪಾಲು, ಯಾವುದು ಕಡಿಮೆಯೋ ಅದನ್ನು ತೆಗೆಯಬಹುದು ಅಂತ ಸರ್ಕಾರ ಬಿಟ್ಟಿತ್ತು. ಅದು ಬಾಡಿಗೆಗೆ ಹೋಯಿತು. ಕೆಲಸ ಬಿಟ್ಟು ಎರಡು ತಿಂಗಳಾದ ಮೇಲೆ ಉಳಿದದ್ದನ್ನೂ ತೆಗೆದೆವು. ಪಿಂಚಣಿ ಹಕ್ಕು ಸಿಗಬೇಕಾದರೆ 10 ವರ್ಷ ಸರ್ವೀಸ್ ಆಗಬೇಕು. ನನ್ನದು 9 ವರ್ಷ 2 ತಿಂಗಳು. ಹಾಗಾಗಿ ಪಿಂಚಣಿ ಭಾಗವೂ ಕೈಗೇ ಬಂತು. ಆಗ ಅದೇ ಅದೃಷ್ಟ ಅನ್ನಿಸಿತ್ತು. ಆ ದುಡ್ಡಲ್ಲಿ ತಳ್ಳುಗಾಡಿ, ಎರಡು ಒಲೆಯ ಬರ್ನರ್, ದೊಡ್ಡ ಇಡ್ಲಿ ಪಾತ್ರೆ, ಐದು ಲೀಟರಿನ ಟಿಲ್ಟಿಂಗ್ ಗ್ರೈಂಡರ್ ಬಂದವು. ಬೀದಿ ವ್ಯಾಪಾರಿಗಳಿಗೆ ಸ್ವನಿಧಿ ಅಂತ 10,000 ರೂಪಾಯಿ ಸಾಲ ಕೊಡುತ್ತಾರೆ ಅಂತ ಓಡಿದರೆ, 2020ರ ಮಾರ್ಚ್ 24ಕ್ಕಿಂತ ಮುಂಚಿನಿಂದ ವ್ಯಾಪಾರ ಮಾಡುತ್ತಿದ್ದವರಿಗೆ ಮಾತ್ರವಂತೆ. ನಾವು ಬೀದಿಗೆ ಬಂದದ್ದೇ ಆ ದಿನದಿಂದ!

ಗಾಡಿ ಶುರುವಾಯಿತು. ಬೀದಿಯವರು ಅದನ್ನು ನಮ್ಮನೆಯವರ ಹೆಸರು ಹೇಳಿ "ಅವರ ಇಡ್ಲಿ ಗಾಡಿ" ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತೇನೆ.

2021ರ ಅಕ್ಟೋಬರ್ 25ಕ್ಕೆ ಒಂದರಿಂದ ಐದನೇ ಕ್ಲಾಸ್ ಶುರುವಾಯಿತು. ದೀಪಾವಳಿ ಮುಗಿಸಿ ಮತ್ತೆ ಗಾರ್ಮೆಂಟ್ಸ್‌ಗೆ ಸೇರೋಣ ಅಂತ ಹಳೇ ಬ್ಯಾಚಿನವಳ ಹತ್ತಿರ ಮಾತಾಡಿಯೂ ಇದ್ದೆ. ಹಬ್ಬ ಕಳೆದು ಎಂಟು ದಿನಕ್ಕೆ ಅತ್ತೆಗೆ ಸ್ಟ್ರೋಕ್ ಆಯಿತು. ಬಲಗಡೆ ಪೂರ್ತಿ ಬಿತ್ತು. ನಾನು ಸೇರುತ್ತೇನೆ ಅನ್ನುವ ಮಾತು ಮತ್ತೆ ಯಾರೂ ಎತ್ತಲಿಲ್ಲ. ಬೇಡ ಅಂತಲೂ ಯಾರೂ ಅನ್ನಲಿಲ್ಲ. ನಾನೂ ಎತ್ತಲಿಲ್ಲ.

ಇರಲಿ, ಆ ಹುಡುಗಿಗೆ ಬರೋಣ. "ಸುಮ್ನೆ ಮನೇಲಿದ್ದೀನಿ" ಅನ್ನೋದನ್ನ ಅವಳು ಬರೆದುಕೊಳ್ಳಲಿಲ್ಲ. "ಸರಿ, ನೆನ್ನೆ ನಾಲ್ಕು ಗಂಟೆಗೆ ಏನ್ ಮಾಡ್ತಿದ್ರಿ?" ಅಂದಳು.

ನಾಲ್ಕಕ್ಕೆ ಎದ್ದೆ. ಅತ್ತೆಯ ಮಗ್ಗುಲು ಬದಲಿಸಿದೆ, ಡೈಪರ್ ನೋಡಿದೆ. ನಾಲ್ಕೂವರೆಯಿಂದ ಚಿತ್ರಾನ್ನದ ಒಗ್ಗರಣೆ, ಚಟ್ನಿ, ಇಡ್ಲಿ ಮೊದಲ ಒಬ್ಬೆ. ಆರೂವರೆಗೆ ಗಾಡಿ ಹೊರಟಿತು. ಆಮೇಲೆ ಮಕ್ಕಳ ತಿಂಡಿ, ಮಗನ ಡಬ್ಬಿ, ಅತ್ತೆಗೆ ಬಿಸಿನೀರಲ್ಲಿ ಮೈ ಒರೆಸಿ ಬಟ್ಟೆ ಬದಲಾಯಿಸಿ ಗಂಜಿ ಕುಡಿಸೋದು...

"ತಡೀರಿ ಅಕ್ಕ. ಬೆಳಿಗ್ಗೆ ಮಾಡಿದ ಚಟ್ನಿ ಗಾಡಿಗಾ, ಮನೆಗಾ?"

"ಎರಡಕ್ಕೂ."

"ಜಾಸ್ತಿ ಯಾವುದಕ್ಕೆ?"

"ಗಾಡಿಗೆ. ಒಂದು ಬಟ್ಟಲು ಮನೆಗೆ ತೆಗೆದಿಡ್ತೀನಿ."

ಅವಳು ಏನೋ ಒತ್ತಿದಳು. ಮಧ್ಯಾಹ್ನ ಮೂರರಿಂದ ಅಕ್ಕಿ, ಉದ್ದು ರುಬ್ಬಿದ್ದಕ್ಕೂ ಅದೇ ಪ್ರಶ್ನೆ. ಹಿಟ್ಟು ಯಾರಿಗೆ? ಗಾಡಿಯ ಹಿಟ್ಟು ರುಬ್ಬಿದರೆ ಅದು ಉದ್ಯೋಗ. ಮನೆಯವರು ತಿನ್ನುವ ದೋಸೆಗೆ ರುಬ್ಬಿದರೆ ಅದು ಮನೆಗೆಲಸ. ನನಗೆ ನಗು ತಡೆಯಲಾಗಲಿಲ್ಲ. ಗ್ರೈಂಡರ್ ಒಂದೇ, ಕಲ್ಲು ಒಂದೇ, ಬಗ್ಗಿ ಹಿಟ್ಟು ಬಳಿಯುವಾಗ ನೋಯುವ ಸೊಂಟವೂ ಒಂದೇ. ದೊಡ್ಡ ಡ್ರಮ್ಮಿಗೆ ಸುರಿದಷ್ಟು ಹಿಟ್ಟು ದೇಶದ ಲೆಕ್ಕಕ್ಕೆ ಸೇರುತ್ತದೆ. ಕೊನೆಗೆ ಸ್ಟೀಲ್ ಪಾತ್ರೆಗೆ ಬಳಿದ ನಾಲ್ಕು ಸೌಟು ಸೇರುವುದಿಲ್ಲ. "ನೀವು ಪಾತ್ರೆ ನೋಡಿ ಬರ್ಕೋಬೇಕು ನೋಡಮ್ಮ" ಅಂದೆ. ಅವಳೂ ನಕ್ಕಳು. ರೂಲ್ಸು ಹಾಗಿದೆ ಅಕ್ಕ ಅಂದಳು.

ಹನ್ನೊಂದಕ್ಕೆ ಗಾಡಿ ವಾಪಸ್ ಬಂದಮೇಲೆ ಪಾತ್ರೆ ತೊಳೆದದ್ದೂ ಹಾಗೇ. ಇಡ್ಲಿ ತಟ್ಟೆ, ಗಾಡಿಯ ಪ್ಲೇಟು, ಮನೆಯ ಕುಕ್ಕರ್, ಅತ್ತೆಯ ಗಂಜಿ ಲೋಟ ಎಲ್ಲ ಒಂದೇ ರಾಶಿ. ಅರ್ಧ ಗಂಟೆಯಲ್ಲಿ ಒಂದಕ್ಕಿಂತ ಜಾಸ್ತಿ ಕೆಲಸ ಇದ್ದರೆ ಮೂರರವರೆಗೆ ಬರೆಯಬಹುದಂತೆ. ಅವಳು ತಾಳ್ಮೆಯಿಂದ ಒಂದೊಂದನ್ನೂ ಬಿಡಿಸಿ ಬರೆದಳು. ನನ್ನ ದಿನವನ್ನು ಅಷ್ಟು ಶ್ರದ್ಧೆಯಿಂದ ಯಾರೂ ಕೇಳಿರಲಿಲ್ಲ.

ನಂತರ ರಾತ್ರಿ ಬಂತು. ಹತ್ತೂವರೆಗೆ ಮಲಗಿದೆ ಅಂದೆ. ಹನ್ನೆರಡೂವರೆಗೆ ಒಂದು ಸಲ, ಎರಡೂವರೆಗೆ ಒಂದು ಸಲ ಎದ್ದು ಅತ್ತೆಯ ಮಗ್ಗುಲು ಬದಲಿಸಿದೆ. ಹಾಗೆ ಮಾಡದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಒಂದು ಸಲ ಆಗಿ ಮೂಳೆ ಕಾಣುವಷ್ಟು ಆಳಕ್ಕೆ ಹೋಗಿತ್ತು. ಡ್ರೆಸ್ಸಿಂಗ್‌ಗೆ ಸುರಿದ ದುಡ್ಡು ಅಷ್ಟಿಷ್ಟಲ್ಲ.

"ಎಷ್ಟು ಹೊತ್ತು ಬೇಕಾಗುತ್ತೆ ಅಕ್ಕ?"

"ಐದು ನಿಮಿಷ. ಭುಜದ ಕೆಳಗೆ ಕೈ ಹಾಕಿ ಹೊರಳಿಸೋದು, ಬೆನ್ನಿಗೆ ದಿಂಬು ಕೊಡೋದು, ಕಾಲಿನ ಮಧ್ಯೆ ಒಂದು ದಿಂಬು. ಅಷ್ಟೇ."

ಅವಳ ಬೆರಳು ನಿಂತಿತು. ಹತ್ತು ನಿಮಿಷಕ್ಕಿಂತ ಕಡಿಮೆ ಆದರೆ ಬರೆಯೋಕಾಗಲ್ಲ ಅಕ್ಕ ಅಂದಳು. ಹಾಗಾಗಿ ನೆನ್ನೆ ರಾತ್ರಿ ಹತ್ತೂವರೆಯಿಂದ ನಾಲ್ಕರವರೆಗೆ ನಾನು ನಿದ್ದೆ ಮಾಡಿದೆ ಅಂತ ಆಯಿತು. ಅಷ್ಟಕ್ಕೂ ಆ ಐದು ನಿಮಿಷವೇ ಅಲ್ಲ ತೊಂದರೆ. ಅಲಾರಾಂ ಹೊಡೆಯುವ ಮೊದಲೇ ಎಚ್ಚರ ಆಗುತ್ತದಲ್ಲ, ಮತ್ತೆ ಮಲಗಿದ ಮೇಲೆ ನಿದ್ದೆ ಬರುವುದಿಲ್ಲವಲ್ಲ, ಅದಕ್ಕೆ ಯಾವ ಕಾಲಂ? ಹೀಗೆ ಕೇಳಬೇಕು ಅಂತ ನನಗೆ ಹೊಳೆದದ್ದು ಅವಳು ಹೋದಮೇಲೆ.

ನಮ್ಮನೆಯವರದು ಬೇಗ ಮುಗಿಯಿತು. ಐದೂವರೆಗೆ ಏಳೋದು, ಗಾಡಿ, ಹನ್ನೊಂದಕ್ಕೆ ವಾಪಸ್, ಸಾಮಾನು ತರೋದು, ಎರಡರಿಂದ ನಾಲ್ಕು ಮಲಗೋದು, ಸಂಜೆ ಮತ್ತೆ ಬೋಂಡಾ ವ್ಯಾಪಾರ. ಅವರು ಸೋಮಾರಿ ಅಲ್ಲ. ಆ ಬಿಸಿಲಲ್ಲಿ ಒಲೆ ಮುಂದೆ ನಿಲ್ಲೋದು ಸುಲಭವೂ ಅಲ್ಲ. "ಮನೆಗೆಲಸ?" ಅಂತ ಹುಡುಗಿ ಕೇಳಿದಾಗ ಸ್ವಲ್ಪ ಯೋಚಿಸಿ, "ಇವಳಿಗೆ ಹೆಲ್ಪ್ ಮಾಡ್ತಿರ್ತೀನಿ" ಅಂದರು. "ನೆನ್ನೆ?" ಅಂದಳು. ಅವರು ನನ್ನ ಮುಖ ನೋಡಿದರು. ಹಿಂದಿನ ದಿನವೂ ಟ್ಯಾಂಕರ್ ಬಂದಿತ್ತು, ನಾಲ್ಕು ಬಿಂದಿಗೆ ಎತ್ತಿದ್ದರು. ಅದನ್ನು ನಾನೇ ನೆನಪು ಮಾಡಿಕೊಟ್ಟೆ.

ಮಗ ತನ್ನ ಸರದಿಗೆ ಕಾದು ಕೂತಿದ್ದ. ಮೂರು ಗಂಟೆ ಕ್ರಿಕೆಟ್ ಅಂತ ಖುಷಿಯಿಂದ ಹೇಳಿದ. ಮಗಳು ಓದುತ್ತಿದ್ದಳು, ಮಧ್ಯೆ ಎದ್ದು ಅಜ್ಜಿಗೆ ನೀರು ಕುಡಿಸಿದ್ದಳು. ಅದೂ ಹತ್ತು ನಿಮಿಷದೊಳಗಿನದೇ. ಅತ್ತೆಯ ಹತ್ತಿರ ಹುಡುಗಿ ಬಗ್ಗಿ ಕೇಳಿದಾಗ ಅವರು ತೊದಲುತ್ತಾ, "ರುಬ್ಬೋ ಸದ್ದು ಕೇಳ್ತಾ ಮಲಗಿದ್ದೆ" ಅಂದರು. ಅದನ್ನು ಏನಂತ ಬರೆದುಕೊಂಡಳೋ.

ಹೊರಡುವಾಗ ನಾನೇ ಕೇಳಿದೆ, "ನನ್ನ ಕೆಲಸ ಏನಂತ ಹಾಕಿದೆಯಮ್ಮ?"

"ನೀವು ಕೆಲಸದಲ್ಲಿದ್ದೀರಿ ಅಂತಾನೇ ಬರುತ್ತೆ ಅಕ್ಕ. ಮನೆ ವ್ಯಾಪಾರದಲ್ಲಿ ಹೆಲ್ಪರ್. ಸಂಬಳ ಇಲ್ಲ."

ಹೆಲ್ಪರ್! 2011ರಲ್ಲಿ ಎಲ್ಲಿ ಶುರು ಮಾಡಿದ್ದೆನೋ ಅಲ್ಲಿಗೇ ಬಂದು ನಿಂತಿದ್ದೆ. ಆಗ ಹೆಲ್ಪರ್‌ಗೂ ಸಂಬಳ ಇತ್ತು. ಗಾಡಿ ನನ್ನ ಪಿಎಫ್ ದುಡ್ಡಿನದು ಅಂತ ಹೇಳೋಣ ಅನ್ನಿಸಿತು. ನಮ್ಮನೆಯವರು ಅಲ್ಲೇ ನಿಂತಿದ್ದರು, ಸುಮ್ಮನಾದೆ.

ಅವಳು ಹೋದಮೇಲೆ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಒಂದು ವಾರ ನಾನೇ ಬರೆದೆ. ಹತ್ತು ನಿಮಿಷದ ರೂಲ್ಸ್ ಇಲ್ಲದೆ. ದಿನಕ್ಕೆ ಸುಮಾರು ಗಾಡಿಗೆ 5 ಗಂಟೆ, ಮನೆಗೆ ಆರೂವರೆ, ಅತ್ತೆಗೆ 3. ಕೂಡಿದರೆ ಹದಿನಾಲ್ಕೂವರೆ. ಫ್ಯಾಕ್ಟರಿಯಲ್ಲಿ ಎಂಟು ಗಂಟೆ ದಾಟಿದರೆ ಓಟಿ ಕೇಳುತ್ತಿದ್ದೆವು.

ಮುಂದಿನ ವರ್ಷ, 2025ರ ಫೆಬ್ರುವರಿಯಲ್ಲಿ, ಆ ಸರ್ವೆಯ ಲೆಕ್ಕ ಹೊರಗೆ ಬಂದಾಗ ಮಗಳು ಫೋನಲ್ಲಿ ಓದಿ ಹೇಳಿದಳು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮಾಡುವ ಗಂಡಸರು 88 ನಿಮಿಷ. ಮನೆಯವರ ಆರೈಕೆ ಬೇರೆ, ಅದರಲ್ಲಿ ಹೆಂಗಸರದು 137 ನಿಮಿಷ, ಗಂಡಸರದು 75. ಐದು ವರ್ಷದ ಹಿಂದೆ, 2019ರಲ್ಲಿ, ಮನೆಗೆಲಸ 299 ಮತ್ತು 97 ಇತ್ತಂತೆ. ಹೆಂಗಸರಿಗೆ ಹತ್ತು ನಿಮಿಷ ಕಡಿಮೆಯಾಗಿದೆ, ಒಳ್ಳೇದೇ. ಆದರೆ ಗಂಡಸರಿಗೂ ಒಂಬತ್ತು ನಿಮಿಷ ಕಡಿಮೆಯಾಗಿದೆಯಲ್ಲ. ಹಾಗಾದರೆ ಆ ಕೆಲಸ ಯಾರು ಮಾಡಿದರು? ಮಿಕ್ಸಿ ಇರಬೇಕು.

ಮಗಳು ಇನ್ನೊಂದನ್ನೂ ತೋರಿಸಿದಳು. ಅದು ಬೇರೆ ಸಮೀಕ್ಷೆ, ಯಾರು ಕೆಲಸದಲ್ಲಿದ್ದಾರೆ, ಯಾರು ಕೆಲಸ ಹುಡುಕುತ್ತಿದ್ದಾರೆ ಅನ್ನುವ ಲೆಕ್ಕ. 2017-18ರಲ್ಲಿ ದೇಶದ ಹದಿನೈದು ದಾಟಿದ ಹೆಂಗಸರಲ್ಲಿ ನೂರಕ್ಕೆ 23.3 ಮಂದಿ ಆ ಲೆಕ್ಕದಲ್ಲಿದ್ದರು. 2023-24ಕ್ಕೆ 41.7 ಆಗಿದೆ. ಕೊರೊನಾ ಬಂದು ಹೋದ ಆರೇ ವರ್ಷದಲ್ಲಿ ಇಷ್ಟು ಏರಿಕೆ. ಓದಿದರೆ ಹೆಂಗಸರಿಗೆಲ್ಲ ಕೆಲಸ ಸಿಕ್ಕಿತು ಅನ್ನಿಸಬೇಕು. ಕೆಳಗೆ ಓದಿದರೆ, ಕೆಲಸದಲ್ಲಿರುವ ಹೆಂಗಸರಲ್ಲಿ ನೂರಕ್ಕೆ 67 ಮಂದಿ ಸ್ವಂತ ಉದ್ಯೋಗದವರು, ಸಂಬಳವಿಲ್ಲದ ಹೆಲ್ಪರ್‌ಗಳೂ ಅದರಲ್ಲೇ ಸೇರಿದ್ದಾರೆ. ಪೇ ಸ್ಲಿಪ್ ಇದ್ದಾಗಲೂ ನಾನು ಒಂದು, ಈಗಲೂ ನಾನು ಒಂದು. ನನ್ನ ಥರದವರನ್ನು ಕೂಡಿಸಿಕೊಂಡು ಮಹಿಳೆಯರು ಮುಂದೆ ಬಂದಿದ್ದಾರೆ ಅಂತ ಯಾರಾದರೂ ಭಾಷಣ ಮಾಡಿದರೆ ನನಗೆ ಸಿಟ್ಟು ಬರುತ್ತದೆ. ಹಳ್ಳಿಯಲ್ಲಿ ನರೇಗಾ ಕೂಲಿಯವರ ಮಕ್ಕಳಿಗೆ ಪಂಚಾಯಿತಿಯಲ್ಲಿ ಕೂಸಿನ ಮನೆ ಅಂತ ಮಾಡುತ್ತಿದ್ದಾರೆ, ಅದು ನಿಜಕ್ಕೂ ಒಳ್ಳೆ ಯೋಜನೆ. ಕೂಸುಗಳಿಗೆ ಹಾಗೊಂದು ಮನೆ ಇದ್ದರೆ ಹಗಲು ಹೊತ್ತು ಮುದುಕರಿಗೂ ಒಂದು ಇರಬಾರದಾ?

ಗೃಹಲಕ್ಷ್ಮಿ ದುಡ್ಡು ಬರಲ್ವಾ ಅಂತ ಕೇಳುವವರಿದ್ದಾರೆ. ಬರುತ್ತದೆ, ಅತ್ತೆಗೆ. ಮನೆಯ ಹಿರಿಯ ಹೆಂಗಸೇ ರೇಷನ್ ಕಾರ್ಡಿನ ಯಜಮಾನಿ, 2013ರ ಆಹಾರ ಭದ್ರತಾ ಕಾಯ್ದೆಯಿಂದ ಹಾಗೆ. ಆ ಯಜಮಾನಿಗೇ ತಿಂಗಳಿಗೆ 2,000 ರೂಪಾಯಿ. 2023ರ ಜುಲೈನಲ್ಲಿ ನಾನೇ ಅವರನ್ನು ಆಟೋದಲ್ಲಿ ಕೂರಿಸಿಕೊಂಡು ನೋಂದಣಿಗೆ ಹೋಗಿದ್ದೆ. ಬಲಗೈ ಬಿದ್ದಿದೆ, ಎಡಗೈ ಹೆಬ್ಬೆಟ್ಟು ಎರಡು ಸಲ ಒತ್ತಿದ ಮೇಲೆ ತಗೊಂಡಿತು. ಈ ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಜೀವಮಾನವೆಲ್ಲ ರಾಗಿ ಕಳೆ ಕಿತ್ತು, ಐದು ಮಕ್ಕಳನ್ನು ಸಾಕಿ, ಅವರ ಹೆಸರಿಗೆ ಅಂತ ಬಂದ ಮೊದಲ ದುಡ್ಡು ಅದು. ಮೆಸೇಜ್ ಬಂದ ದಿನ ಅವರು ಎಡಗೈಯಲ್ಲಿ ಎರಡು ಬೆರಳು ಎತ್ತಿ ನನ್ನ ಕಡೆ ತೋರಿಸುತ್ತಾರೆ. ನೀನೇ ತಗೋ ಅಂತ. ಅದರಲ್ಲಿ ಅವರ ಡೈಪರ್ರೇ ಬರುತ್ತದೆ, ಇನ್ನೇನು ಬರುತ್ತದೆ. ಒಂದೇ ಒಂದು ಸಲ ನನಗೆ ಒಂದು ಜೊತೆ ಚಪ್ಪಲಿ ತಂದುಕೊಂಡೆ.

ಆ ನೋಟ್‌ಬುಕ್ ಗ್ರೈಂಡರ್ ಪಕ್ಕದ ಶೆಲ್ಫಿನಲ್ಲೇ ಇತ್ತು. ಒಂದು ದಿನ ನಮ್ಮನೆಯವರು ಓದುತ್ತಾ ನಿಂತಿದ್ದರು. ಏನೂ ಮಾತಾಡಲಿಲ್ಲ. ಆವತ್ತು ರಾತ್ರಿ ಎರಡೂವರೆಗೆ ಅವರೇ ಎದ್ದು ಅಮ್ಮನ ಮಗ್ಗುಲು ಬದಲಿಸಿದರು. ದಿಂಬು ತಪ್ಪು ಕಡೆ ಇಟ್ಟಿದ್ದರು, ನಾನು ಎದ್ದು ಸರಿ ಮಾಡಿದೆ. ಹದಿನೈದು ಇಪ್ಪತ್ತು ದಿನ ಹಾಗೇ ನಡೆಯಿತು. ಆಮೇಲೆ ಅವರಿಗೆ ಜ್ವರ ಬಂತು, ಅಲಾರಾಂ ನನ್ನ ಫೋನಿಗೆ ವಾಪಸ್ ಬಂತು. ಜ್ವರ ಬಿಟ್ಟಮೇಲೂ ಅಲ್ಲೇ ಉಳಿಯಿತು.

ಆದರೆ ಒಂದು ಬದಲಾವಣೆ ಉಳಿದಿದೆ. ಹನ್ನೊಂದಕ್ಕೆ ಬಂದವರೇ ಲುಂಗಿ ಎತ್ತಿ ಕಟ್ಟಿ ಪಾತ್ರೆ ತೊಳೆಯೋಕೆ ಕೂರುತ್ತಾರೆ. ಗಾಡಿ ಪಾತ್ರೆ ಮಾತ್ರ. ರಾಶಿಯಿಂದ ಇಡ್ಲಿ ತಟ್ಟೆ, ಪ್ಲೇಟು, ಸೌಟು ಆರಿಸಿಕೊಂಡು ತೊಳೆದು, ಕುಕ್ಕರ್, ಗಂಜಿ ಲೋಟ ನನ್ನ ಪಾಲಿಗೆ ಬಿಡುತ್ತಾರೆ. ಸರ್ವೆ ಹುಡುಗಿಗಿಂತ ಚೆನ್ನಾಗಿ ವಿಂಗಡಿಸುತ್ತಾರೆ. ಚಟ್ನಿ ಮಿಕ್ಸಿ ಜಾರ್ ಮಾತ್ರ ಎರಡಕ್ಕೂ ಸೇರಿದ್ದು. ಅದನ್ನು ತೊಳೆಯುವವರು ಯಾರು ಅಂತ ಇನ್ನೂ ತೀರ್ಮಾನ ಆಗಿಲ್ಲ. ನೆನ್ನೆ ಸಂಜೆಯವರೆಗೂ ನಲ್ಲಿ ಕೆಳಗೆ ನೀರು ತುಂಬಿಕೊಂಡು ಹಾಗೇ ಇತ್ತು.